ಒರೆಯನ್ನು ಒರೆಗೆ ಹಚ್ಚಿದ ಕಥೆ

ಅಂಕಣ: ಡಾಕ್ಟರ ಜಗಲಿ



ಕಳೆದ ಸಂಚಿಕೆಯಲ್ಲಿ ಮಂಡಿನೋವಿನ ಬಗ್ಗೆ ಬರೆದದ್ದೇ ನನ್ನ ತಪ್ಪಾಯಿತು. ದೀಪಾವಳಿ ಕಾರ್ಯಕ್ರಮದ ದಿನ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದ ನನಗೆ ಹನ್ನೊಂದು ಮಂದಿ ಪ್ಯಾಂಟು ಮೇಲೆತ್ತಿ ಮಂಡಿ ತೋರಿಸಿದರು. ನನ್ನ ತಟ್ಟೆಗೆ ಬಾತು ಬೀಳುವಷ್ಟರಲ್ಲಿ ಬೂಂದಿ ಖಾಲಿ! ಆದ್ದರಿಂದ ಈ ಯುಗಾದಿ ಸಂಚಿಕೆಗೆ ಯಾರೂ ಎತ್ತಿ ತೋರಿಸಲಾಗದ ವಿಷಯವನ್ನು ಆರಿಸಿಕೊಂಡಿದ್ದೇನೆ. ಅದು ಹೋಲ್‌ಸ್ಟರ್, ಅಂದರೆ ಪಿಸ್ತೂಲನ್ನು ಸೊಂಟದಲ್ಲಿ ಇಟ್ಟುಕೊಳ್ಳುವ ಒರೆ. ನಿಮ್ಮಲ್ಲಿ ಯಾರಾದರೂ ಅದನ್ನು ಕಟ್ಟಿಕೊಂಡಿದ್ದರೂ ಮುಚ್ಚಿಡಬೇಕೆಂದೇ ನಮ್ಮ ಇಲಿನಾಯ್ ಕಾನೂನು ಹೇಳುತ್ತದೆ. ಹಾಗಾಗಿ ಈ ಸಲ ನನ್ನ ಬೂಂದಿ ಸುರಕ್ಷಿತ.

"ಇದೇನು ಡಾಕ್ಟ್ರೇ, ಕೊಲೆಸ್ಟರಾಲು, ಸಕ್ಕರೆ ಕಾಯಿಲೆ ಬಿಟ್ಟು ಕೋವಿಗೆ ಇಳಿದುಬಿಟ್ರಲ್ಲ?" ಎಂದು ಹುಬ್ಬೇರಿಸಬೇಡಿ. ನಾನಾಗಿ ಇಳಿದದ್ದಲ್ಲ, ನನ್ನನ್ನು ಇಳಿಸಿದರು. ಇಳಿಸಿದವನು ನಮ್ಮ ಕೂಟದ್ದೇ ಒಬ್ಬ ಹುಡುಗ. ಹೆಸರು ಬೇಡ. ಇಲ್ಲೇ ಹುಟ್ಟಿ, ಇಲ್ಲೇ ಕನ್ನಡ ಶಾಲೆಯಲ್ಲಿ ಅ ಆ ಇ ಈ ಕಲಿತು, ಒಂದು ವರ್ಷ ನಮ್ಮ ನಾಟಕದಲ್ಲಿ ಬಭ್ರುವಾಹನನ ಪಾರ್ಟು ಮಾಡಿದವನು. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಹೋದ ವರ್ಷ ಬೇಸಿಗೆಯ ಮೊದಲಲ್ಲಿ ಅವನ ಕೆಲಸ ಹೋಯಿತು. ಒಂದು ಭಾನುವಾರ ಬೆಳಿಗ್ಗೆ ಅವನ ಅಪ್ಪನ ಫೋನು.

"ನಮ್ಮ ಹುಡುಗ ಬಿಸಿನೆಸ್ ಮಾಡ್ತಾನಂತೆ ಕಣಯ್ಯಾ. ಏನು ಬಿಸಿನೆಸ್ಸು ಅಂದ್ರೆ ಪಿಸ್ತೂಲಿನ ಒರೆಯಂತೆ! ಮನೇಲಿ ತರಕಾರಿ ಹೆಚ್ಚೋ ಚಾಕು ಬಿಟ್ರೆ ಆಯುಧಾನೇ ಕಾಣದ ವಂಶ ನಮ್ದು. ನೀನೊಂದು ಸಲ ಅವನಿಗೆ ಬುದ್ಧಿ ಹೇಳು. ನಿನ್ನ ಮಾತಾದ್ರೆ ಕೇಳ್ತಾನೆ."

ಬುದ್ಧಿ ಹೇಳುವುದು ನಮ್ಮ ವೃತ್ತಿಯಲ್ಲಿ ಅರ್ಧ ಕೆಲಸ. ಒಪ್ಪಿಕೊಂಡೆ. ಆದರೆ ಆ ವಿಷಯಕ್ಕೆ ನನ್ನ ಮನಸ್ಸೂ ಸುಲಭವಾಗಿ ಒಗ್ಗುವಂಥದ್ದಾಗಿರಲಿಲ್ಲ. ಅದಕ್ಕೆ ಕಾರಣ ನಮ್ಮ ಊರೇ.

2012ರ ಜುಲೈ 20ರಂದು ಅರೋರಾದ ಸಿನಿಮಾ ಮಂದಿರದಲ್ಲಿ ಗುಂಡಿನ ದಾಳಿಯಾಯಿತು ಎಂದು ಟೀವಿಯಲ್ಲಿ ಬಂದಾಗ ಮೈಸೂರಿನಿಂದ ನಮ್ಮ ಅಕ್ಕ ಗಾಬರಿಯಿಂದ ಫೋನು ಮಾಡಿದ್ದಳು. "ಅದು ಕೊಲರಾಡೋದ ಅರೋರಾ ಅಕ್ಕಾ, ನಮ್ಮದು ಇಲಿನಾಯ್‌ದು. ಸಾವಿರ ಮೈಲಿ ದೂರ" ಎಂದು ಸಮಾಧಾನ ಹೇಳಿದ್ದೆ. 2019ರ ಫೆಬ್ರವರಿ 15ರ ಶುಕ್ರವಾರ ಮತ್ತೆ ಅದೇ ಸುದ್ದಿ ಬಂತು. ಈ ಸಲ ಸಮಾಧಾನ ಹೇಳಲು ಬೇರೆ ಅರೋರಾ ಇರಲಿಲ್ಲ. ನೀರಿನ ದೊಡ್ಡ ಕೊಳವೆಗಳಿಗೆ ವಾಲ್ವು ತಯಾರಿಸುವ ಹೆನ್ರಿ ಪ್ರ್ಯಾಟ್ ಕಾರ್ಖಾನೆಯಲ್ಲಿ, ಕೆಲಸದಿಂದ ತೆಗೆಯಲ್ಪಟ್ಟ ನೌಕರನೊಬ್ಬ ಐವರು ಸಹೋದ್ಯೋಗಿಗಳನ್ನು ಕೊಂದ. ಅವರಲ್ಲೊಬ್ಬ ವಿದ್ಯಾರ್ಥಿ, ಇಂಟರ್ನ್ ಆಗಿ ಅಂದೇ ಮೊದಲ ದಿನ ಕೆಲಸಕ್ಕೆ ಬಂದವನು. ಓಡಿ ಬಂದ ಪೊಲೀಸರಲ್ಲಿ ಐವರಿಗೆ ಗುಂಡು ತಗುಲಿತು. ಕೊಂದವನಿಗೆ ಮಿಸಿಸಿಪಿಯಲ್ಲಿ ಹಳೆಯ ಶಿಕ್ಷೆಯಾಗಿತ್ತು. ಬಂದೂಕು ಇಟ್ಟುಕೊಳ್ಳಲು ಇಲಿನಾಯ್ ಕೊಡುವ ಕಾರ್ಡು 2014ರಲ್ಲಿ ಅವನಿಗೆ ತಪ್ಪಾಗಿ ಸಿಕ್ಕಿ, ಅದೇ ವರ್ಷ ರದ್ದೂ ಆಗಿತ್ತು. ಕಾರ್ಡು ರದ್ದಾಯಿತು, ಪಿಸ್ತೂಲು ಮಾತ್ರ ಐದು ವರ್ಷ ಅವನ ಬಳಿಯೇ ಉಳಿಯಿತು. ಆ ಮಧ್ಯಾಹ್ನ ನಾವು ಕ್ಲಿನಿಕ್ಕಿನ ಬಾಗಿಲು ಹಾಕಿಕೊಂಡು, ಇದ್ದ ರೋಗಿಗಳ ಜೊತೆ ಒಳಗೇ ಕೂತಿದ್ದೆವು. 1881ರಷ್ಟು ಹಿಂದೆಯೇ ಬೀದಿಗಳಿಗೆಲ್ಲ ವಿದ್ಯುತ್ ದೀಪ ಹಾಕಿಸಿ "ಬೆಳಕಿನ ನಗರ" ಎನಿಸಿಕೊಂಡ ಊರು ನಮ್ಮದು. ಅಂದು ಮಾತ್ರ ಎಲ್ಲರ ಮನೆಯಲ್ಲೂ ಕತ್ತಲೆಯೇ.

ಹಾಗಾಗಿ ಹುಡುಗ ಮನೆಗೆ ಬಂದಾಗ ನಾನು ಪೀಠಿಕೆ ಹಾಕದೆ ಇದೆಲ್ಲವನ್ನೂ ಅವನ ಮುಂದಿಟ್ಟೆ. ಅವನು ನಮ್ಮಾಕೆ ಕೊಟ್ಟ ಕಾಫಿ ಕುಡಿಯುತ್ತ ಸಮಾಧಾನವಾಗಿ ಕೇಳಿದ. ಆಮೇಲೆ ಹೇಳಿದ: "ಅಂಕಲ್, ನಾನು ಗನ್ ಮಾರಲ್ಲ. ಈ ಸ್ಟೇಟಲ್ಲಿ ಪರ್ಮಿಟ್ ತಗೊಂಡು ಇಟ್ಕೊಳ್ಳೋರು ಇದಾರೆ, ನಾವು ಬೇಡ ಅಂದ್ರೂ ಇರ್ತಾರೆ. ಅವರಲ್ಲಿ ಎಷ್ಟೋ ಜನ ಸುಮ್ನೆ ಪ್ಯಾಂಟಿಗೆ ಸಿಕ್ಕಿಸ್ಕೋತಾರೆ, ಇಲ್ಲ ಅಗ್ಗದ್ದು ಯಾವ್ದೋ ಬಟ್ಟೆ ಚೀಲ ತಗೋತಾರೆ. ಸರಿಯಾದ ಹೋಲ್‌ಸ್ಟರ್ ಸೀಟ್ ಬೆಲ್ಟ್ ಇದ್ದಂಗೆ. ಸೀಟ್ ಬೆಲ್ಟ್ ಮಾಡೋನು ಆಕ್ಸಿಡೆಂಟ್ ಮಾಡ್ಸಲ್ಲ ಅಲ್ವಾ?"

ಅವನ ಮಾತಿನಲ್ಲಿ ಲೆಕ್ಕವಿತ್ತು. 50 ರಾಜ್ಯಗಳ ಪೈಕಿ ಪಿಸ್ತೂಲನ್ನು ಮುಚ್ಚಿ ಒಯ್ಯಲು ಅನುಮತಿ ಕೊಟ್ಟವರಲ್ಲಿ ಇಲಿನಾಯ್ ಕಟ್ಟಕಡೆಯದು. 2012ರ ಡಿಸೆಂಬರಿನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹಳೆಯ ನಿಷೇಧವನ್ನು ತಳ್ಳಿಹಾಕಿದ ಮೇಲೆ, 2013ರ ಜುಲೈನಲ್ಲಿ ಕಾಯ್ದೆ ಬಂತು. 21 ವರ್ಷ ತುಂಬಿರಬೇಕು, 16 ಗಂಟೆ ತರಬೇತಿಯಾಗಿರಬೇಕು. ಡೆಟ್ರಾಯಿಟ್ ಕಡೆಯ ನಮ್ಮ ಮಿತ್ರರ ಮಿಷಿಗನ್‌ನಲ್ಲಿ 2001ರಿಂದಲೇ ಅನುಮತಿ ಸಲೀಸಾಗಿತ್ತು.

ಅವನ ಮಾತಿಗೆ ನನಗೆ ತಟ್ಟನೆ ನೆನಪಾದದ್ದು ನನ್ನದೇ ಒಬ್ಬ ರೋಗಿ. ನಾನು ಪುನರ್ವಸತಿ ವೈದ್ಯ. ಪಾರ್ಶ್ವವಾಯು, ನರದ ಪೆಟ್ಟು, ಕೈಕಾಲು ಕಳೆದುಕೊಂಡವರು ನನ್ನ ಬಳಿ ಬರುತ್ತಾರೆ. ಬಹಳ ವರ್ಷಗಳ ಹಿಂದೆ ಬಂದಿದ್ದ ಆ ಮನುಷ್ಯ ಪಿಸ್ತೂಲನ್ನು ಒರೆಯಿಲ್ಲದೆ ಸೊಂಟದ ಹಿಂದೆ ಸಿಕ್ಕಿಸಿಕೊಳ್ಳುವಾಗ ಅಂಗಿಯ ಅಂಚು ಟ್ರಿಗರಿಗೆ ಸಿಕ್ಕಿ ಗುಂಡು ಹಾರಿತ್ತು. ಗುಂಡು ಪೃಷ್ಠದಲ್ಲಿ ಹೊಕ್ಕು ಸಯಾಟಿಕ್ ನರವನ್ನು ಹರಿದಿತ್ತು. ಜೀವ ಉಳಿಯಿತು, ಆದರೆ ಪಾದ ಮೇಲೇಳದು. ಅಂಥವರಿಗೆ ನಾವು ಕಾಲಿನ ಅಳತೆಗೇ ಅಚ್ಚು ಹಾಕಿದ ಪ್ಲಾಸ್ಟಿಕ್ ಆಸರೆ ಬರೆದುಕೊಡುತ್ತೇವೆ. ಪ್ಲಾಸ್ಟರಿನಲ್ಲಿ ಕಾಲಿನ ಅಚ್ಚು ತೆಗೆದು, ಅದರ ಮೇಲೆ ಬಿಸಿ ಮಾಡಿದ ಪಾಲಿಪ್ರೊಪಿಲೀನ್ ಹಾಳೆ ಹೊದಿಸಿ, ಗಾಳಿ ಹೀರಿ ಅಂಟಿಸಿ, ಅಂಚು ಕತ್ತರಿಸಿ ತಯಾರಿಸುವ ವಸ್ತು. ಪಿಸ್ತೂಲಿಗೆ ಅಳತೆಯ ಒರೆ ಹಾಕದ ತಪ್ಪಿಗೆ ಆತ ಜೀವನಪೂರ್ತಿ ಕಾಲಿಗೆ ಅಳತೆಯ ಒರೆ ಹಾಕಿಕೊಂಡು ನಡೆಯಬೇಕಾಯಿತು.

ಬುದ್ಧಿ ಹೇಳಲು ಕೂತ ನಾನು ಸಂಜೆಯ ಹೊತ್ತಿಗೆ ಎಂಟು ಸಾವಿರ ಡಾಲರಿನ ಪಾಲುದಾರನಾಗಿದ್ದೆ. ಅವನ ಅಪ್ಪ ನನ್ನ ಜೊತೆ ಮೂರು ವಾರ ಮಾತು ಬಿಟ್ಟಿದ್ದ.

ಇಲ್ಲಿ "ಪ್ರೈವೇಟ್ ಲೇಬಲ್" ಎಂದರೆ ಏನೆಂದು ಸ್ವಲ್ಪ ಹೇಳಬೇಕು. ಪಾಟ್‌ಲಕ್ಕಿಗೆ ಕೆಲವರು ಇಂಡಿಯನ್ ಸ್ಟೋರಿನಿಂದ ಹೋಳಿಗೆ ತಂದು, ಮನೆಯ ಡಬ್ಬಿಗೆ ಹಾಕಿ, "ನಾನೇ ಮಾಡ್ದೆ" ಎನ್ನುತ್ತಾರಲ್ಲ, ಅದೇ. (ಹೆಸರು ಹೇಳುವುದಿಲ್ಲ, ನಾನೂ ಮನೆಗೆ ಹೋಗಬೇಕು.) ಮಾಡುವವರು ಒಬ್ಬರು, ಹೆಸರು ಇನ್ನೊಬ್ಬರದು. ಔಷಧದ ಅಂಗಡಿಗಳು ತಮ್ಮದೇ ಹೆಸರಿನಲ್ಲಿ ಮಾರುವ ತಲೆನೋವಿನ ಮಾತ್ರೆಯೂ ಹೀಗೆಯೇ. 1887ರಲ್ಲಿ ಮಿಷಿಗನ್‌ನ ಆಲಿಗನ್ ಎಂಬ ಊರಿನಲ್ಲಿ ಶುರುವಾದ ಪೆರಿಗೊ ಕಂಪನಿ ಬೆಳೆದದ್ದೇ ಬೇರೆ ಅಂಗಡಿಗಳ ಹೆಸರಿಗೆ ಮಾಲು ಮಾಡಿಕೊಟ್ಟು. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಹೋಳಿಗೆ ತಿಂದು ಹೊಟ್ಟೆ ಕೆಟ್ಟರೆ ಜನ ಸ್ಟೋರಿಗೆ ಹೋಗುವುದಿಲ್ಲ, ಡಬ್ಬಿಯ ಒಡತಿಯ ಹತ್ತಿರ ಬರುತ್ತಾರೆ. ಅಮೆರಿಕದ ಕಾನೂನಿನಲ್ಲೂ ಇದೇ ಅರ್ಥದ ಹಳೆಯ ಸೂತ್ರವಿದೆ, ಹಲವು ರಾಜ್ಯಗಳ ನ್ಯಾಯಾಲಯಗಳು ಒಪ್ಪಿದ್ದು: ಬೇರೆಯವರು ಮಾಡಿದ ವಸ್ತುವನ್ನು ತನ್ನದೆಂಬಂತೆ ಮಾರುವವನು ತಯಾರಕನಷ್ಟೇ ಹೊಣೆಗಾರ. ಹುಡುಗನಿಗೆ ಮೊದಲು ಹೊಣೆಗಾರಿಕೆಯ ವಿಮೆ ಮಾಡಿಸೆಂದೆ. ಆಮೇಲೆ ಮಾಲು.

ಮಾಲು ಹುಡುಕುವುದು ಹೆಣ್ಣು ಹುಡುಕುವುದಕ್ಕಿಂತ ಕಷ್ಟ ಎಂದು ಗೊತ್ತಾದದ್ದು ಆಗಲೇ. ಹುಡುಗ ಹದಿನಾಲ್ಕು ಮಾದರಿಯ ಪಿಸ್ತೂಲುಗಳ ಪಟ್ಟಿ ತಂದ. ಒಂದು ಪಿಸ್ತೂಲಿನ ಒರೆ ಇನ್ನೊಂದಕ್ಕೆ ಆಗದು. ಬಲಗೈಯವರಿಗೆ ಒಂದು, ಎಡಗೈಯವರಿಗೆ ಒಂದು. ಪಿಸ್ತೂಲಿನ ಮೂತಿಗೆ ಪುಟ್ಟ ಟಾರ್ಚು ಕೂಡಿಸಿಕೊಂಡವರಿಗೆ ಮತ್ತೊಂದು. ಹದಿನಾಲ್ಕನ್ನು ಎರಡರಿಂದ, ಮತ್ತೆ ಎರಡರಿಂದ ಗುಣಿಸಿದರೆ 56 ಅಚ್ಚು. ನಾನು ಡೆಟ್ರಾಯಿಟ್‌ನ ನನ್ನ ಹಳೆಯ ಸ್ನೇಹಿತನಿಗೆ ಫೋನು ಹಚ್ಚಿದೆ. ಕಾರಿನ ಬಿಡಿಭಾಗಗಳ ಅಚ್ಚಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಅವನು ನಕ್ಕು ಹೇಳಿದ: "ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಲ್ಲಿ ತುಂಬೋ ಇಂಜೆಕ್ಷನ್ ಮೋಲ್ಡು ಬೇಕಾದ್ರೆ ಒಂದೊಂದು ಮಾದರಿಗೂ ಲೋಹದಲ್ಲಿ ಅಚ್ಚು ಕೊರೆಸಬೇಕು. ಒಂದೊಂದಕ್ಕೂ ಸಾವಿರಾರು ಡಾಲರ್. ನಿನ್ನ ಎಂಟು ಸಾವಿರಕ್ಕೆ ಅಚ್ಚಿನ ಮುಚ್ಚಳ ಬರಬಹುದು. ಹಾಳೆ ಬಿಸಿ ಮಾಡಿ ಒತ್ತೋ ಥರ್ಮೋಫಾರ್ಮಿಂಗಿಗೆ ಹೋಗಿ. ಹದಿನಾಲ್ಕು ಬಿಟ್ಟು ಮೂರೇ ಮಾದರಿ ಇಟ್ಕೊಳ್ಳಿ."

ಆ ಹಾಳೆಯ ಹೆಸರು ಕೈಡೆಕ್ಸ್. 1965ರಲ್ಲಿ ರೋಮ್ ಅಂಡ್ ಹಾಸ್ ಕಂಪನಿ ವಿಮಾನದ ಒಳಭಾಗಗಳಿಗೆಂದು ತಯಾರಿಸಿದ ಪ್ಲಾಸ್ಟಿಕ್ಕು. ಅಕ್ರಿಲಿಕ್ಕು ಮತ್ತು ಪಿವಿಸಿಗಳ ಬೆರಕೆ. ಒರೆಗೆ ಸುಮಾರು 2 ಮಿಲಿಮೀಟರ್ ದಪ್ಪದ ಹಾಳೆ ಸಾಕು. 350 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿಗೆ, ಅಂದರೆ ನಮ್ಮ ಮನೆಗಳಲ್ಲಿ ಕೇಕು ಬೇಯುವ ಶಾಖಕ್ಕೆ, ಬಿಸಿ ಮಾಡಿದರೆ ಅದು ಹಪ್ಪಳದ ಹಿಟ್ಟಿನಂತೆ ಮೆತ್ತಗಾಗುತ್ತದೆ. ಪಿಸ್ತೂಲಿನದೇ ಆಕಾರದ, ಗುಂಡು ಹಾರಿಸಲಾಗದ ನೀಲಿ ಬಣ್ಣದ ಗಟ್ಟಿ ಬೊಂಬೆಗಳು ಸಿಗುತ್ತವೆ. ಆ ಬೊಂಬೆಯ ಮೇಲೆ ಬಿಸಿ ಹಾಳೆ ಹೊದಿಸಿ ಒತ್ತಿ ಹಿಡಿದರೆ, ಆರಿದ ಮೇಲೆ ಅಚ್ಚು ಹಾಗೇ ನಿಲ್ಲುತ್ತದೆ. "ಸಂಕ್ರಾಂತಿಯ ಸಕ್ಕರೆ ಅಚ್ಚು ಇದ್ದ ಹಾಗೆ ಅನ್ನಿ" ಎಂದಳು ನಮ್ಮಾಕೆ. "ಅವಸರ ಮಾಡಿ ಬಿಚ್ಚಿದ್ರೆ ಆನೆಗೆ ಸೊಂಡಿಲು ಇರಲ್ಲ." ಈ ಇಡೀ ವ್ಯವಹಾರದಲ್ಲಿ ನಾನು ಕೇಳಿದ ಅತ್ಯಂತ ಸರಿಯಾದ ತಾಂತ್ರಿಕ ಸಲಹೆ ಅದೇ ಎಂದು ಆಮೇಲೆ ತಿಳಿಯಿತು.

ಮೂರು ಕಡೆಯಿಂದ ಮಾದರಿ ತರಿಸಿದೆವು. ಒಂದು ಕಾನ್ಪುರದ ಚರ್ಮದ್ದು. ಕುದುರೆ ಜೀನು, ಬೂಟುಗಳಿಗೆ ಹೆಸರಾದ ಆ ಊರಿನಲ್ಲಿ ಒರೆಗಳನ್ನೂ ಮಾಡುತ್ತಾರೆ. ಚರ್ಮವನ್ನು ನೆನೆಸಿ, ಬೊಂಬೆಯ ಮೇಲೆ ಎಳೆದು ಒತ್ತಿ, ಒಣಗಿಸಿ ಆಕಾರ ಕೊಟ್ಟದ್ದು. ಅದರ ವಾಸನೆಗೇ ನನಗೆ ಮೈಸೂರಿನ ಬಾಲ್ಯದ ಚಪ್ಪಲಿ ಅಂಗಡಿ ನೆನಪಾಯಿತು. ಆದರೆ 2025ರ ಆಗಸ್ಟಿನಲ್ಲಿ ಭಾರತದ ಸರಕಿನ ಮೇಲೆ ಅಮೆರಿಕದ ಸುಂಕ ಶೇಕಡ 50ಕ್ಕೆ ಏರಿ ನಮ್ಮ ಲೆಕ್ಕ ತಲೆಕೆಳಗಾಯಿತು. ಎರಡನೆಯದು "ಎಲ್ಲ ಪಿಸ್ತೂಲಿಗೂ ಆಗುತ್ತದೆ" ಎಂಬ ಅಗ್ಗದ ಮಾಲು. ಎಲ್ಲರಿಗೂ ಆಗುವ ಕನ್ನಡಕ ಯಾರಿಗೂ ಆಗುವುದಿಲ್ಲ ಎಂದು ಅದನ್ನು ಅಲ್ಲೇ ಬಿಟ್ಟೆವು. ಮೂರನೆಯದು ಈ ದೇಶದ್ದೇ ಒಂದು ಸಣ್ಣ ಕಾರ್ಖಾನೆಯ ಕೈಡೆಕ್ಸ್ ಒರೆ. ಚೆನ್ನಾಗಿತ್ತು.

ಚೆನ್ನಾಗಿದೆ ಎಂದು ಹೇಗೆ ಗೊತ್ತು? ಇಲ್ಲಿ ಮತ್ತೆ ನನ್ನ ಹಳೆಯ ನೆನಪೊಂದು ಬರಬೇಕು. ತೊಂಬತ್ತರ ದಶಕದ ಆರಂಭದಲ್ಲಿ ಹೌಸ್‌ಸರ್ಜನ್ ಆಗಿದ್ದಾಗ ನಮ್ಮನ್ನು ಮೈಸೂರಿನ ಹತ್ತಿರ ಒಂದು ಕುಷ್ಠರೋಗ ಶಿಬಿರಕ್ಕೆ ಕಳಿಸಿದ್ದರು. ಆ ರೋಗದಲ್ಲಿ ಪಾದದ ಸ್ಪರ್ಶಜ್ಞಾನ ಹೋಗುತ್ತದೆ. ಮುಳ್ಳು ಚುಚ್ಚಿದರೂ ತಿಳಿಯದು, ಹುಣ್ಣಾಗಿ ಮೂಳೆಗೆ ಇಳಿದ ಮೇಲೇ ಗೊತ್ತಾಗುವುದು. ಅಂಥವರಿಗೆ ಎಂಸಿಆರ್ ಚಪ್ಪಲಿ ಎಂದು ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನಲ್ಲಿ, ಒಂದೂ ಮೊಳೆ ಹೊಡೆಯದೆ, ಅಂಟಿಸಿ ಹೊಲಿದು ಕೊಡುತ್ತಾರೆ. ಅಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಹಿರಿಯರೊಬ್ಬರು ಪ್ರತಿ ಜೋಡಿಯನ್ನೂ ಕೊಡುವ ಮುಂಚೆ ಒಳಗೆಲ್ಲ ಬೆರಳಾಡಿಸಿ, ಒತ್ತಿ ಒತ್ತಿ ನೋಡುತ್ತಿದ್ದರು. ದಿನವಿಡೀ ಅದೇ ಕೆಲಸ. "ಒಂದೆರಡು ನೋಡಿದ್ರೆ ಸಾಲ್ದಾ ಯಜಮಾನ್ರೇ?" ಎಂದೆ. ಅವರು ತಲೆ ಎತ್ತದೆ ಹೇಳಿದರು: "ಅವ್ರ ಕಾಲ್ಗೆ ಗೊತ್ತಾಗಕಿಲ್ಲ ಸೋಮಿ. ಅದ್ಕೇ ನನ್ ಕೈಗೆ ಗೊತ್ತಾಗ್ಬೇಕು."

ಓದುಗರೇ, ನನ್ನ ಎಂಬಿಬಿಎಸ್, ಎಂಡಿಗಳ ಅಷ್ಟೂ ಪುಸ್ತಕಗಳಲ್ಲಿ ನನಗೆ ಇದಕ್ಕಿಂತ ದೊಡ್ಡ ವಾಕ್ಯ ಸಿಕ್ಕಿಲ್ಲ. ಹುಡುಗನಿಗೆ ಇದನ್ನು ಹೇಳಿದೆ. ಒರೆ ಕೊಳ್ಳುವವನಿಗೆ ಅದರ ಒಳಗು ಕಾಣುವುದಿಲ್ಲ. ಸೊಂಟಕ್ಕೆ ಕಟ್ಟಿದ ಮೇಲಂತೂ ಕಾಣುವುದೇ ಇಲ್ಲ. ನಮ್ಮ ಕೈಗೆ ಗೊತ್ತಾಗಬೇಕು.

ಹಾಗೆ ನಮ್ಮ ಊಟದ ಮೇಜಿನ ಮೇಲೆ ಪರೀಕ್ಷೆಗಳು ಶುರುವಾದವು. ನಿಜವಾದ ಪಿಸ್ತೂಲು ಮನೆಯೊಳಕ್ಕೆ ಬಂದರೆ ತಾನು ಹೊರಕ್ಕೆ ಎಂದು ನಮ್ಮಾಕೆ ಮೊದಲೇ ಹೇಳಿದ್ದರಿಂದ ಎಲ್ಲ ನೀಲಿ ಬೊಂಬೆಯಲ್ಲೇ. ಬೊಂಬೆಯನ್ನು ಒಳಗಿಟ್ಟು ಒರೆಯನ್ನು ತಲೆಕೆಳಗು ಮಾಡಿ ಕೊಡವಿದರೆ ಅದು ಬೀಳಬಾರದು, ಕೈಯಿಂದ ಎಳೆದರೆ ಮಾತ್ರ ಸಲೀಸಾಗಿ ಬರಬೇಕು. ಈ ಬಿಗಿಯನ್ನು ಒಂದು ಸ್ಕ್ರೂ ಮತ್ತು ರಬ್ಬರ್ ವಾಷರಿನಿಂದ ಹೆಚ್ಚುಕಮ್ಮಿ ಮಾಡಬಹುದು. ಪಿಸ್ತೂಲು ತೆಗೆದ ಮೇಲೂ ಒರೆಯ ಬಾಯಿ ತೆರೆದೇ ಇರಬೇಕು. ಬಾಯಿ ಮುಚ್ಚಿಕೊಂಡರೆ ಒಳಗೆ ತುರುಕುವಾಗ ಅಪಾಯ. ಹಳೆಯದಾಗಿ ಮೆತ್ತಗಾದ ಚರ್ಮ ಮಡಿಚಿಕೊಂಡು ಟ್ರಿಗರಿಗೆ ತಾಗಿ ಗುಂಡು ಹಾರಿದ್ದುಂಟು. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೆ ಕೈಡೆಕ್ಸ್ ಬಾಗಲೂಬಹುದು.

ಎಲ್ಲಕ್ಕಿಂತ ಮುಖ್ಯ ಟ್ರಿಗರಿನ ಜಾಗ. ಅಲ್ಲಿ ಒರೆ ಪೂರ್ತಿ ಮುಚ್ಚಿರಬೇಕು, ಹೊರಗಿನಿಂದ ಒತ್ತಿದರೆ ಒಳಗೆ ಬಗ್ಗಬಾರದು. ಇದನ್ನು ನೋಡುವುದು ಹೇಗೆಂದು ತಲೆ ಕೆರೆದುಕೊಂಡು ಕೊನೆಗೆ ದೇವರ ಮನೆಯಿಂದ ಕುಂಕುಮ ತಂದೆ. ಎಣ್ಣೆಯಲ್ಲಿ ಕಲಸಿ ಬೊಂಬೆಯ ಟ್ರಿಗರಿಗೆ ಒಂದು ಬೊಟ್ಟು ಇಟ್ಟು, ಒರೆಯೊಳಗೆ ಕೂರಿಸಿ, ಹೊರಗಿನಿಂದ ಹೆಬ್ಬೆರಳಿನಿಂದ ಬಲವಾಗಿ ಒತ್ತುವುದು. ಆಮೇಲೆ ಟಾರ್ಚು ಬಿಟ್ಟು ಒಳಗೆ ನೋಡುವುದು. ಒಳಗೋಡೆಗೆ ಕುಂಕುಮ ಅಂಟಿದ್ದರೆ ಫೇಲು. ಮಾದರಿ ಒರೆಗಳು ಈ ಕುಂಕುಮ ಪರೀಕ್ಷೆಯಲ್ಲಿ ಪಾಸಾದವು. ಆರ್ಡರು ಹೋಯಿತು: ಮೂರು ಮಾದರಿ, ಒಟ್ಟು 240 ಒರೆ, ಒಳಬದಿಯಲ್ಲಿ ಹುಡುಗನ ಬ್ರ್ಯಾಂಡಿನ ಮುದ್ರೆ. (ಬ್ರ್ಯಾಂಡಿನ ಹೆಸರು ಇಲ್ಲಿ ಬರೆದರೆ ಸಂಪಾದಕರು ಜಾಹೀರಾತಿನ ಬಿಲ್ಲು ಕಳಿಸುತ್ತಾರೆ.)

ಆ ದಿನಗಳಲ್ಲಿ ಹುಡುಗನಿಗೆ ನಾನು ಕೊಡಗಿನ ಕಥೆಯನ್ನೂ ಹೇಳಿದೆ. ಕನ್ನಡ ನಾಡಿನವರಿಗೆ ಆಯುಧವೆಂದರೆ ಬರೀ ಭಯವೆಂದು ಅವನು ತಿಳಿದುಕೊಳ್ಳಬಾರದಲ್ಲ. ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದ ಕೊಡವ ಗೆಳೆಯ ಒಂದು ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಮನೆಗೆ ಕರೆದೊಯ್ದಿದ್ದ. ಕೋವಿ, ಕತ್ತಿಗಳನ್ನೆಲ್ಲ ತೊಳೆದು, ದೀಪದ ಮುಂದೆ ಸಾಲಾಗಿಟ್ಟು, ಕೋವಿಯ ಮೂತಿಗೆ ತೋಕ್ ಪೂ ಎಂಬ ಕೆಂಪು-ಹಳದಿ ಹೂ ಸಿಕ್ಕಿಸುತ್ತಾರೆ. 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಡವರಿಗೆ ಸಿಕ್ಕ ಲೈಸೆನ್ಸ್ ವಿನಾಯಿತಿ ಇಂದಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಅವರ ಪೀಚೆಕತ್ತಿಗೆ ಬೆಳ್ಳಿ ಕೆಲಸದ ಒರೆ ಮುಂದೆ ಸೊಂಟದಲ್ಲಿ, ಅಗಲವಾದ ಒಡಿಕತ್ತಿಗೆ ಬೆನ್ನ ಹಿಂದೆ ತೊಡಂಗ್ ಎಂಬ ಲೋಹದ ಹಿಡಿಕೆ. ಒಂದೊಂದು ಆಯುಧಕ್ಕೂ ಅದರದೇ ಜಾಗ, ಅದರದೇ ಕೂಡು. ಆ ಮನೆಯ ಅಜ್ಜ ಹಬ್ಬ ಮುಗಿದ ಮೇಲೆ ಪ್ರತಿ ಕೋವಿಯನ್ನೂ ತಾವೇ ತೆರೆದು ನೋಡಿ ಎತ್ತಿಟ್ಟದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ನವೆಂಬರ್ ಮಧ್ಯದಲ್ಲಿ ಮಾಲು ಬಂತು. ಥ್ಯಾಂಕ್ಸ್‌ಗಿವಿಂಗ್ ಮರುದಿನದ ಮಾರಾಟಕ್ಕೆ ಸರಿಯಾಗಿ. ಹುಡುಗ ಮುಂಗಡ ಆರ್ಡರುಗಳನ್ನೂ ತೆಗೆದುಕೊಂಡಿದ್ದ. ಪೆಟ್ಟಿಗೆ ಒಡೆದು ಮೊದಲ ಹತ್ತು ತೆಗೆದೆವು. ಏಳನೆಯದರಲ್ಲಿ ಕುಂಕುಮ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮತ್ತೆ ಹತ್ತು. ಮತ್ತೊಂದು.

ಕಾರ್ಖಾನೆಗೆ ಫೋನು ಮಾಡಿದರೆ "ನೀವು ಹೇಳಿದ ದಪ್ಪದ ಹಾಳೆಯನ್ನೇ ಹಾಕಿದ್ದೇವಲ್ಲ" ಎಂದರು. ಅದು ಸುಳ್ಳಲ್ಲ. ಡೆಟ್ರಾಯಿಟ್ ಸ್ನೇಹಿತ ಬಿಡಿಸಿ ಹೇಳಿದ. ಬಿಸಿ ಹಾಳೆ ಆಳಕ್ಕೆ ಎಳೆಯಲ್ಪಟ್ಟ ಕಡೆ ತೆಳ್ಳಗಾಗುತ್ತದೆ. ಶಾಖ ಸ್ವಲ್ಪ ಹೆಚ್ಚಾದರೆ, ಅವಸರದಲ್ಲಿ ಬಿಚ್ಚಿದರೆ, ಇನ್ನೂ ಹೆಚ್ಚು. ನಾವು ಆರ್ಡರಿನಲ್ಲಿ ಹಾಳೆಯ ದಪ್ಪ ಬರೆದಿದ್ದೆವು. ಅಚ್ಚಾದ ಮೇಲೆ ಟ್ರಿಗರಿನ ಬಳಿ ಎಷ್ಟು ದಪ್ಪ ಉಳಿಯಬೇಕೆಂದು ಬರೆದಿರಲಿಲ್ಲ. ಎಷ್ಟು ಒತ್ತಿದರೆ ಎಷ್ಟು ಬಗ್ಗಬಹುದೆಂದೂ ಬರೆದಿರಲಿಲ್ಲ. ಆನೆಗೆ ಸೊಂಡಿಲು ಇರಲಿಲ್ಲ.

ಈಗ ಒಂದು ಮಾತು ನಾಚಿಕೆ ಬಿಟ್ಟು ಹೇಳಬೇಕು. ಆ ರಾತ್ರಿ ಎಡವಿದವನು ನಾನು. ಎಂಟು ಸಾವಿರ ನನ್ನದು. ಮೂರು ವಾರದ ಮಾರಾಟ ಕೈಬಿಟ್ಟರೆ ಹುಡುಗನ ಅಂಗಡಿ ಹುಟ್ಟುವ ಮುಂಚೆಯೇ ಮುಚ್ಚುತ್ತದೆ. "ನೋಡಪ್ಪಾ, ಹತ್ತರಲ್ಲಿ ಒಂದು ಮಾತ್ರ ಮೆತ್ತಗಿದೆ. ಅದೂ ನಾವು ರಾಕ್ಷಸನ ಥರ ಒತ್ತಿದ್ದಕ್ಕೆ. ಯಾರು ಹಾಗೆ ಒತ್ತುತ್ತಾರೆ? ಕಳಿಸಿಬಿಡು. ಯಾರಾದ್ರೂ ದೂರು ಕೊಟ್ರೆ ಬದಲಾಯಿಸಿ ಕೊಟ್ರಾಯ್ತು" ಎಂದೆ. ರೋಗಿಯ ವಿಷಯದಲ್ಲಿ ಇಂಥ ಮಾತನ್ನು ಯಾರಾದರೂ ಜೂನಿಯರ್ ಡಾಕ್ಟರು ಆಡಿದ್ದರೆ ಕೋಣೆಯಿಂದ ಆಚೆ ಕಳಿಸುತ್ತಿದ್ದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತನ್ನ ಅಮೆರಿಕನ್ ಕನ್ನಡದಲ್ಲಿ ಹೇಳಿದ: "ಅಂಕಲ್, ನೀವೇ ಹೇಳಿದ್ರಿ ಅಲ್ವಾ? ಅವರ ಕಾಲಿಗೆ ಗೊತ್ತಾಗಲ್ಲ ಅಂತ. ದೂರು ಕೊಡೋಕೆ ಅವ್ರಿಗೆ ಹೇಗೆ ಗೊತ್ತಾಗುತ್ತೆ?"

ನನಗೆ ಉತ್ತರ ಬರಲಿಲ್ಲ. ನಮ್ಮಾಕೆ ಅಡುಗೆಮನೆಯಿಂದ ಕುಂಕುಮದ ಡಬ್ಬಿಯನ್ನೇ ತಂದು ಮೇಜಿನ ಮೇಲಿಟ್ಟಳು.

ಮಾರನೆಯ ಶನಿವಾರ ನಮ್ಮ ಮನೆಯಲ್ಲಿ ನಡೆದದ್ದು ಒಂದು ಥರದ ಹಿದುಕವರೆ ಮೇಳ. ಅವರೆಕಾಳು ಹಿದುಕುವಾಗ ಮನೆಮಂದಿಯೆಲ್ಲ ಸುತ್ತ ಕೂರುತ್ತಾರಲ್ಲ, ಹಾಗೆ 240 ಒರೆಗಳ ಸುತ್ತ ಕೂತೆವು. ಒಬ್ಬರು ಬೊಟ್ಟು ಇಡುವುದು, ಒಬ್ಬರು ಒತ್ತುವುದು, ಒಬ್ಬರು ಟಾರ್ಚು ಬಿಡುವುದು. ಮಧ್ಯಾಹ್ನದ ಹೊತ್ತಿಗೆ ಬಾಗಿಲ ಗಂಟೆ ಬಾರಿಸಿತು. ನೋಡಿದರೆ ಹುಡುಗನ ಅಪ್ಪ, ಕೈಯಲ್ಲಿ ಕೋಡುಬಳೆ ಡಬ್ಬಿ. ಏನೂ ಮಾತಾಡದೆ ಕೋಟು ಬಿಚ್ಚಿ, ತೋಳು ಮಡಿಚಿ ಒತ್ತಲು ಕೂತ. ಅವನ ಹೆಬ್ಬೆರಳು ನಮ್ಮೆಲ್ಲರಿಗಿಂತ ಗಟ್ಟಿ. ರಾತ್ರಿ ಎಣಿಸಿದಾಗ 31 ಫೇಲು. ಅವನ್ನು ಕಸಕ್ಕೆ ಹಾಕಿದರೆ ಯಾರಾದರೂ ಎತ್ತಿಕೊಂಡಾರೆಂದು ಗ್ಯಾರೇಜಿನಲ್ಲಿ ಒಂದೊಂದನ್ನೂ ಎರಡು ತುಂಡು ಮಾಡಿದೆವು. ತನ್ನ ಮಗನ ಮುದ್ರೆ ಇದ್ದ ಮಾಲನ್ನು ಗರಗಸಕ್ಕೆ ಕೊಡುವಾಗ ಅಪ್ಪ ಹೇಳಿದ್ದು ಇಷ್ಟೇ: "ಹೆಸರು ನಮ್ದು ತಾನೇ."

ಪಾಸಾದ 209ರಲ್ಲೂ ಒಂದೂ ಆ ಶುಕ್ರವಾರದ ಮಾರಾಟಕ್ಕೆ ಹೋಗಲಿಲ್ಲ. ಇವತ್ತು ಪಾಸಾದದ್ದು ನೂರಾರು ಸಲ ತೆಗೆದು ಹಾಕಿದ ಮೇಲೂ ಪಾಸಾಗುತ್ತದೆಯೇ ನೋಡಬೇಕು ಎಂದು ಹುಡುಗ ಹಟ ಹಿಡಿದ. ಪ್ರತಿ ಮಾದರಿಯಿಂದ ಒಂದನ್ನು ತೆಗೆದು, ಐನೂರು ಸಲ ಎಳೆದು ಹಾಕಿ, ಮತ್ತೆ ಕುಂಕುಮ. ಮುಂಗಡ ಕೊಟ್ಟವರಿಗೆಲ್ಲ ನಿಜವನ್ನು ಬರೆದು ಹಣ ವಾಪಸು ಮಾಡಿದ. ಕೆಲವರು ತೆಗೆದುಕೊಂಡರು, ಕೆಲವರು "ನಿಧಾನವಾಗಿ ಕಳಿಸು, ಕಾಯುತ್ತೇವೆ" ಎಂದರು. ಕಾರ್ಖಾನೆಯವರು ಅರ್ಧ ನಷ್ಟ ಭರಿಸಿದರು. ಎರಡನೆಯ ಆರ್ಡರಿನಲ್ಲಿ ಟ್ರಿಗರಿನ ಬಳಿಯ ದಪ್ಪ, ಒತ್ತುವ ಬಲ, ಬಗ್ಗುವ ಮಿತಿ, ತಿರಸ್ಕರಿಸುವ ಹಕ್ಕು ಎಲ್ಲವೂ ಬರಹದಲ್ಲಿವೆ. ಒಪ್ಪಿದ ಮಾದರಿ ಎರಡು, ಒಂದು ಅವರಲ್ಲಿ, ಒಂದು ನಮ್ಮಲ್ಲಿ, ಎರಡಕ್ಕೂ ಇಬ್ಬರ ಸಹಿ. ನನ್ನ ಎಂಟು ಸಾವಿರ ಇನ್ನೂ ಪೂರ್ತಿ ಮರಳಿಲ್ಲ. ಮರಳಿದರೆ ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇನೆ, ಮರಳದಿದ್ದರೆ ಮಂಡಿನೋವಿಗೇ ವಾಪಸು.

ಕೊನೆಗೆ ವೈದ್ಯನಾಗಿ ಎರಡು ಮಾತು. ಒರೆ ಎಷ್ಟೇ ಚೆನ್ನಾಗಿದ್ದರೂ ಅದು ಬೀಗವಲ್ಲ. ಮೈಮೇಲಿದ್ದಾಗ ಮಾತ್ರ ಒರೆ, ಮೈಯಿಂದ ತೆಗೆದ ಕ್ಷಣ ಬೀಗ. ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಬಹಳ ಕಾಲದಿಂದ ಹೇಳುತ್ತಿರುವುದು ಇದೇ: ಮನೆಯಲ್ಲಿ ಬಂದೂಕಿದ್ದರೆ ಗುಂಡು ತೆಗೆದು ಬೀಗ ಹಾಕಿ, ಗುಂಡುಗಳನ್ನು ಬೇರೆ ಕಡೆ ಬೀಗದಲ್ಲಿಡಿ. 2021ರ ನವೆಂಬರ್ 30ರಂದು ಡೆಟ್ರಾಯಿಟ್ ಬಳಿಯ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ ನಾಲ್ಕು ಮಕ್ಕಳು ಸತ್ತದ್ದು ಅಂಥದೊಂದು ಮನೆಯ ಪಿಸ್ತೂಲಿನಿಂದ. 2024ರಲ್ಲಿ ಆ ಹುಡುಗನ ತಂದೆತಾಯಿಗಳಿಗೂ ಜೈಲು ಶಿಕ್ಷೆಯಾಯಿತು. ಅದೇ ವರ್ಷ ಫೆಬ್ರವರಿಯಿಂದ ಮಿಷಿಗನ್‌ನಲ್ಲಿ, 2026ರ ಜನವರಿಯಿಂದ ಇಲಿನಾಯ್‌ನಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡುವುದಕ್ಕೆ ಬಿಗಿ ಕಾನೂನು ಬಂದಿದೆ. ಮಕ್ಕಳನ್ನು ಆಟಕ್ಕೆ ಬೇರೆ ಮನೆಗೆ ಕಳಿಸುವಾಗ "ನಮ್ಮ ಮಗುವಿಗೆ ಕಡಲೆಕಾಯಿ ಆಗಲ್ಲ" ಎಂದು ಹೇಳಲು ನಾವು ಸಂಕೋಚಪಡುವುದಿಲ್ಲ. "ಮನೆಯಲ್ಲಿ ಗನ್ ಇದೆಯಾ, ಬೀಗದಲ್ಲಿದೆಯಾ?" ಎಂದು ಕೇಳುವುದಕ್ಕೂ ಸಂಕೋಚ ಬೇಡ.

ನನ್ನ ಬಳಿ ಪಿಸ್ತೂಲಿಲ್ಲ, ಇಟ್ಟುಕೊಳ್ಳುವ ಆಸೆಯೂ ಇಲ್ಲ. ಫೆಬ್ರವರಿ 15 ಬಂದರೆ ಇಂದಿಗೂ ಮನಸ್ಸು ಮುದುಡುತ್ತದೆ. ನಾನು ಹೂಡಿದ ಹಣ ಸರಿಯಾದ ಕಡೆ ಹೋಯಿತೇ ಎಂದು ಕೆಲವು ರಾತ್ರಿ ಯೋಚಿಸುತ್ತೇನೆ. ಬೇವು ಬೆಲ್ಲ ಎರಡನ್ನೂ ಒಟ್ಟಿಗೇ ಬಾಯಿಗೆ ಹಾಕಿಕೊಳ್ಳಬೇಕಾದ ವಿಷಯವಿದು. ಆದರೆ ನಮ್ಮ ಕೂಟದ ಹುಡುಗನೊಬ್ಬ, ಮೈಸೂರಿನ ಹತ್ತಿರದ ಒಬ್ಬ ಚಪ್ಪಲಿ ಹೊಲಿಯುವ ಯಜಮಾನರ ಮಾತನ್ನು ಮೂವತ್ತು ವರ್ಷಗಳ ಮೇಲೆ, ಅರೋರಾದಲ್ಲಿ, ನನಗೇ ತಿರುಗಿ ಹೇಳಿದನಲ್ಲ. ಆ ರಾತ್ರಿ ಒರೆಗೆ ಹಚ್ಚಿದ್ದು ಒರೆಗಳನ್ನು ಮಾತ್ರವಲ್ಲ, ನನ್ನನ್ನೂ. ನಾನು ಫೇಲಾದೆ, ಹುಡುಗ ಪಾಸಾದ.

ನಮ್ಮ ದೇವರ ಮನೆಗೆ ಈಗ ಹೊಸ ಕುಂಕುಮದ ಡಬ್ಬಿ ಬಂದಿದೆ. ಹಳೆಯದರ ಮೇಲೆ ನಮ್ಮಾಕೆ "ಫ್ಯಾಕ್ಟರಿ" ಎಂದು ಚೀಟಿ ಅಂಟಿಸಿದ್ದಾಳೆ.

ಎಲ್ಲರಿಗೂ ಯುಗಾದಿಯ ಶುಭಾಶಯಗಳು. ಊಟದ ಸಾಲಿನಲ್ಲಿ ಸಿಗೋಣ.